ಮಗುವಿನ ಕಲಿಕೆ, ಮಗುವಿನ ಖಾಸಗಿತನ

(ಶತಮಾನೋತ್ಸವದ ಅಂಗವಾಗಿ ಜರಗಿದ ಹೆತ್ತವರ ಹಾಗೂ ಹಳೆ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮುಖ್ಯೋಪಾಧ್ಯಾಯಿನಿಯವರು ಮಾಡಿದ ಭಾಷಣದ ಪಠ್ಯ)



ನೂರು ವರ್ಷ ತುಂಬಿದ ಶಾಲೆಯ ಹಳೆಯ ಕಪಾಟನ್ನು ತೆರೆದರೆ ಏನೇನು ದೊರೆಯುತ್ತದೆಂಬುದನ್ನು ನಾವು ಈ ವರ್ಷ ಕಂಡೆವು. ಕಾಸರಗೋಡು ಮದ್ರಾಸು ಪ್ರಾಂತದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದ ಕಾಲದ ಮೊದಲ ದಾಖಲಾತಿ ಪುಸ್ತಕ, ಅಂಚುಗಳನ್ನು ಗೆದ್ದಲು ತಿಂದಿದ್ದರೂ ಅಕ್ಷರ ಅಳಿಯದೆ, ನಮ್ಮ ಕೈಗೆ ಬಂತು. ಅದರ ಮೊದಲ ಹತ್ತು ಪುಟಗಳನ್ನು ಸ್ಮರಣ ಸಂಚಿಕೆಯಲ್ಲಿ ಅಚ್ಚು ಹಾಕಬೇಕೆಂದು ಸಮಿತಿಯವರು ಕೇಳಿದರು. ನಾವೂ ಸಂತೋಷದಿಂದಲೇ ಪುಟ ತಿರುವಿದೆವು. ಮಗುವಿನ ಹೆಸರು, ವಯಸ್ಸು, ತಂದೆಯ ಕಸುಬು, ಜಾತಿ; ಕೊನೆಯ ಅಂಕಣದಲ್ಲಿ ಶಾಲೆ ಬಿಡಲು ಕಾರಣ. ಒಬ್ಬ ಬಾಲಕನ ಎದುರು ‘ಶುಲ್ಕ ಬಾಕಿ’ ಎಂದಿತ್ತು. ಇನ್ನೊಬ್ಬನ ಎದುರು ‘ಎರಡು ಬಾರಿ ಅನುತ್ತೀರ್ಣ’ ಎಂದಿತ್ತು. ಅಲ್ಲಿಗೆ ನಮ್ಮ ಕೈ ನಿಂತಿತು. ಆ ಬಾಲಕರು ಇಂದು ಇಲ್ಲ. ಅವರ ಮೊಮ್ಮಕ್ಕಳು ಈ ಸಭೆಯಲ್ಲಿದ್ದಾರೆ. ಆ ಪುಟಗಳನ್ನು ಅಚ್ಚು ಹಾಕುವುದಿಲ್ಲವೆಂದು ಸಮಿತಿಯೂ ನಾವೂ ಸೇರಿ ತೀರ್ಮಾನಿಸಿದೆವು. ಪುಸ್ತಕದ ರಕ್ಷಾಪುಟದ ಚಿತ್ರ ಮಾತ್ರ ಸಂಚಿಕೆಯಲ್ಲಿರುತ್ತದೆ.

ಆ ದಾಖಲೆ ಬರೆದ ಮುಖ್ಯೋಪಾಧ್ಯಾಯರು ತಪ್ಪು ಮಾಡಿದರೆಂದು ನಾವು ಹೇಳುತ್ತಿಲ್ಲ. ಶಾಲೆಗೆ ದಾಖಲೆ ಬೇಕು. ಆದರೆ ಅಂದು ಆ ಪುಸ್ತಕ ಇದ್ದದ್ದು ಒಂದು ಕಪಾಟಿನಲ್ಲಿ. ಬೀಗದ ಕೈ ಒಬ್ಬರಲ್ಲಿ. ಪ್ರತಿ ಮಾಡಬೇಕಾದರೆ ಕೈಯಿಂದಲೇ ಬರೆಯಬೇಕಿತ್ತು. ಇಂದು ನಾವು ಬರೆಯುವ ದಾಖಲೆಗೆ ಅಂಥ ಗೋಡೆಗಳಿಲ್ಲ. ಬೆರಳ ತುದಿಯ ಒಂದು ಸ್ಪರ್ಶಕ್ಕೆ ಅದು ಊರು ದಾಟುತ್ತದೆ, ಕಡಲು ದಾಟುತ್ತದೆ, ಹೋದದ್ದು ಮರಳಿ ಬರುವುದಿಲ್ಲ. ಈ ವ್ಯತ್ಯಾಸವನ್ನು ನಾವು ಗ್ರಂಥಗಳಿಂದ ಕಲಿಯಲಿಲ್ಲ. ನಮ್ಮದೇ ತಪ್ಪಿನಿಂದ ಕಲಿತೆವು. ಅದನ್ನೇ ಇಂದು ನಿಮ್ಮ ಮುಂದಿಡಬೇಕೆಂದಿದ್ದೇವೆ.

2020ರ ಜೂನ್ 1ರಂದು ಶಾಲೆಗಳು ತೆರೆಯಲಿಲ್ಲ. ಬದಲಾಗಿ ವಿಕ್ಟರ್ಸ್ ವಾಹಿನಿಯಲ್ಲಿ ‘ಫಸ್ಟ್ ಬೆಲ್’ ಪಾಠಗಳು ಆರಂಭವಾದವು. ಕನ್ನಡ ಮಾಧ್ಯಮದ ಮಕ್ಕಳಿಗೂ ಪ್ರತ್ಯೇಕವಾಗಿ ಪಾಠಗಳು ಸಿದ್ಧವಾಗಿ ಅಂತರಜಾಲದ ಮೂಲಕ ತಲುಪಿದವು. ಗಡಿನಾಡಿನ ಕನ್ನಡ ಮಗುವಿಗೆ ಮನೆಯಲ್ಲಿದ್ದೇ ತನ್ನ ಪಠ್ಯದ ಪಾಠ ತನ್ನ ಮಾಧ್ಯಮದಲ್ಲಿ ಕೇಳಲು ಸಾಧ್ಯವಾದದ್ದು ಸಣ್ಣ ಸಂಗತಿಯಲ್ಲ. ಕೂಲಿಗೆ ಹೋದ ತಂದೆ ಸಂಜೆ ಮರಳಿದ ಮೇಲಷ್ಟೇ ಕೈಗೆ ಸಿಗುವ ಒಂದು ಫೋನಿನ ಸುತ್ತ ಮೂರು ಮಕ್ಕಳು ಕುಳಿತು ಕಲಿತ ಮನೆಗಳು ನಮಗೆ ಗೊತ್ತು. ತಂತ್ರಜ್ಞಾನದ ಉಪಕಾರವನ್ನು ಮರೆತರೆ ನಾವು ಕೃತಘ್ನರಾದೇವು.

ಆ ದಿನಗಳಲ್ಲೇ ಈ ಪ್ರಸಂಗ ನಡೆಯಿತು. ಆ ಮಗುವಿನ ಮತ್ತು ತಾಯಿಯ ಅನುಮತಿ ಪಡೆದು, ಗುರುತು ತಿಳಿಯದಂತೆ ಹೇಳುತ್ತಿದ್ದೇವೆ. ಓದುವ ಸಾಮರ್ಥ್ಯ ಪರೀಕ್ಷಿಸಲು ಪಾಠದ ಒಂದು ಭಾಗವನ್ನು ಗಟ್ಟಿಯಾಗಿ ಓದಿ, ಧ್ವನಿಮುದ್ರಿಸಿ, ತರಗತಿಯ ವಾಟ್ಸಾಪ್ ಗುಂಪಿಗೆ ಹಾಕಲು ನಾವು ಮಕ್ಕಳಿಗೆ ಸೂಚಿಸಿದ್ದೆವು. ನಮ್ಮ ತರಗತಿಗಳಲ್ಲಿ ಕನ್ನಡ ಮನೆಮಾತಿನ ಮಕ್ಕಳೊಂದಿಗೆ ತುಳು, ಮಲಯಾಳ, ಕೊಂಕಣಿ, ಮರಾಠಿ, ಬ್ಯಾರಿ ಮಾತನಾಡುವ ಮಕ್ಕಳೂ ಇದ್ದಾರೆ. ಕನ್ನಡ ಮನೆಮಾತಲ್ಲದ ಒಂದು ಮಗು ‘ಹಕ್ಕಿ ಹಾರಿತು’ ಎಂಬುದನ್ನು ‘ಅಕ್ಕಿ ಆರಿತು’ ಎಂದು ಓದಿತು. ತರಗತಿಯ ಕೋಣೆಯಲ್ಲಾಗಿದ್ದರೆ ಟೀಚರು ಒಮ್ಮೆ ತಿದ್ದುತ್ತಿದ್ದರು, ಮಕ್ಕಳು ಒಮ್ಮೆ ನಗುತ್ತಿದ್ದರು, ಗಂಟೆ ಬಾರಿಸುವ ಹೊತ್ತಿಗೆ ಎಲ್ಲರಿಗೂ ಮರೆತುಹೋಗುತ್ತಿತ್ತು. ಗುಂಪಿಗೆ ಹಾಕಿದ ಆ ಧ್ವನಿಯನ್ನು ಯಾರೋ ತಮಾಷೆಗೆಂದು ಇನ್ನೊಂದು ಗುಂಪಿಗೆ ಕಳುಹಿಸಿದರು. ಅಲ್ಲಿಂದ ಮತ್ತೊಂದಕ್ಕೆ. ಕೊನೆಗೆ ಗಲ್ಫಿನಲ್ಲಿರುವ ಸೋದರಮಾವನ ಫೋನಿಗೆ ಬಂದು, ಅವರ ಮೂಲಕ ತಾಯಿಗೆ ತಿಳಿಯಿತು.

2021ರ ನವೆಂಬರ್ 1ರಂದು ಶಾಲೆಗಳು ಮರಳಿ ತೆರೆದಾಗ ಆ ಮಗುವಿಗೆ ‘ಅಕ್ಕಿ’ ಎಂಬ ಅಡ್ಡಹೆಸರು ಕಾದಿತ್ತು. ಮಗು ಅಳಲಿಲ್ಲ, ದೂರು ಹೇಳಲಿಲ್ಲ. ಗಟ್ಟಿಯಾಗಿ ಓದುವುದನ್ನು ನಿಲ್ಲಿಸಿಬಿಟ್ಟಿತು. ಪ್ರಶ್ನೆ ಕೇಳಿದರೆ ಬರೆದು ತೋರಿಸುತ್ತಿತ್ತು. ತಾಯಿ ಶಾಲೆಗೆ ಬಂದು ನಮ್ಮನ್ನು ಕೇಳಿದ್ದು ಒಂದೇ ಮಾತು: “ಟೀಚರೇ, ಮಗು ತಪ್ಪು ಓದಿದರೆ ಅದು ನಿಮಗೆ ಮಾತ್ರ ಕೇಳಿದರೆ ಸಾಕಿತ್ತಲ್ಲ?” ಆ ಪ್ರಶ್ನೆಗೆ ನಮ್ಮಲ್ಲಿ ಉತ್ತರವಿರಲಿಲ್ಲ. ಕಳುಹಿಸಿದವರನ್ನು ದೂರುವುದು ಸುಲಭವಿತ್ತು. ಆದರೆ ಗುಂಪಿಗೆ ಹಾಕಿ ಎಂದವರು ನಾವು.

ಮಿತ್ರರೇ, ಕಲಿಕೆ ಎಂದರೆ ಮೊದಲು ತಪ್ಪುವುದು. ನಾವೆಲ್ಲ ಸ್ಲೇಟಿನಲ್ಲಿ ಅಕ್ಷರ ತಿದ್ದಿದವರು. ಅ ಬರೆದೆವು, ಅದು ಸೊಟ್ಟಗಾಯಿತು, ಅಂಗಳದ ಬದಿಯಲ್ಲಿ ಬೆಳೆದ ನೀರುಕಡ್ಡಿಯಿಂದ ಒರೆಸಿದೆವು, ಮತ್ತೆ ಬರೆದೆವು. ಎಷ್ಟು ಸಲ ಸೊಟ್ಟಗಾಯಿತೆಂಬುದಕ್ಕೆ ಇಂದು ಯಾವ ಸಾಕ್ಷಿಯೂ ಇಲ್ಲ. ಸಾಕ್ಷಿ ಇಲ್ಲವೆಂಬ ನೆಮ್ಮದಿಯಿಂದಲೇ ನಾವು ಮತ್ತೆ ಮತ್ತೆ ಬರೆದೆವು. ಮಗುವಿನ ಖಾಸಗಿತನವೆಂದರೆ ನಮ್ಮ ಮಟ್ಟಿಗೆ ಮೊದಲ ಅರ್ಥ ಇದೇ: ತಪ್ಪಿ ತಿದ್ದಿಕೊಳ್ಳಲು ಒಂದಿಷ್ಟು ಮರೆ. ಆ ಮರೆ ಇಲ್ಲದ ಕಡೆ ಮಗು ತಪ್ಪುವುದನ್ನು ನಿಲ್ಲಿಸುತ್ತದೆ. ಅಂದರೆ ಪ್ರಯತ್ನಿಸುವುದನ್ನೇ ನಿಲ್ಲಿಸುತ್ತದೆ.

ಕಾನೂನೂ ಇದೇ ದಿಕ್ಕಿಗೆ ನಡೆದು ಬಂದಿದೆ. ಖಾಸಗಿತನವು ಸಂವಿಧಾನದ 21ನೆಯ ವಿಧಿ ಕೊಡುವ ಬದುಕಿನ ಹಕ್ಕಿನಲ್ಲೇ ಅಡಗಿದೆಯೆಂದು 2017ರ ಆಗಸ್ಟ್ 24ರಂದು ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಮೂರ್ತಿಗಳ ಪೀಠ ಒಮ್ಮತದಿಂದ ಹೇಳಿತು. ಆ ಮೊಕದ್ದಮೆಯ ಅರ್ಜಿದಾರರು ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು; ಅರ್ಜಿ ಸಲ್ಲಿಸುವಾಗ ಅವರು ಎಂಬತ್ತರ ವಯಸ್ಸು ದಾಟಿದ್ದರು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯು 18 ವರ್ಷ ತುಂಬದವರನ್ನೆಲ್ಲ ಮಕ್ಕಳೆಂದು ಗಣಿಸುತ್ತದೆ. ಅವರ ಮಾಹಿತಿಯನ್ನು ಬಳಸಲು ಸಾಮಾನ್ಯವಾಗಿ ಹೆತ್ತವರ ಒಪ್ಪಿಗೆ ಬೇಕೆನ್ನುತ್ತದೆ. ಮಕ್ಕಳನ್ನು ಗುರಿಯಾಗಿಸುವ ಜಾಹೀರಾತನ್ನು ತಡೆಯುತ್ತದೆ. ಇದು ಏಕೆ ಬೇಕಾಯಿತೆಂದು ಕೇಳುವವರಿಗೆ ಒಂದು ಉದಾಹರಣೆ ಸಾಕು. ಸಾಂಕ್ರಾಮಿಕದ ಕಾಲದಲ್ಲಿ 49 ದೇಶಗಳಲ್ಲಿ ಬಳಕೆಯಾದ ಕಲಿಕಾ ಆ್ಯಪ್‌ಗಳನ್ನೂ ಜಾಲತಾಣಗಳನ್ನೂ ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆ ಪರಿಶೀಲಿಸಿತು. ಅವುಗಳಲ್ಲಿ ಹೆಚ್ಚಿನವು ಮಕ್ಕಳ ಖಾಸಗಿತನಕ್ಕೆ ಧಕ್ಕೆ ತರುವಂತಿದ್ದವೆಂದು 2022ರಲ್ಲಿ ಪ್ರಕಟಿಸಿತು. ಹಣ ಕೇಳದ ಆ್ಯಪ್ ಮಗುವಿನಿಂದ ಬೇರೇನನ್ನೋ ಕೇಳುತ್ತಿರಬಹುದು.

ಕಾನೂನು ಬಾಗಿಲವರೆಗೆ ಬಂದೀತು. ತರಗತಿಯ ಒಳಗೆ ನಡೆಯುವುದು ನಮ್ಮ ಹೊಣೆ. ಆ ಪ್ರಸಂಗದ ಬಳಿಕ ನಾವು ಕೆಲವು ರೂಢಿಗಳನ್ನು ಬದಲಿಸಿದೆವು. ತರಗತಿಯ ಗುಂಪಿನಲ್ಲಿ ಈಗ ಸೂಚನೆಗಳು ಮಾತ್ರ ಇರುತ್ತವೆ. ಅಂಕಗಳು ಮಗುವಿಗೂ ಹೆತ್ತವರಿಗೂ ಹೊರತು ಮೂರನೆಯವರಿಗೆ ತಿಳಿಯುವುದಿಲ್ಲ. ಹೊಸ ಆ್ಯಪ್ ಬಳಸುವ ಮುನ್ನ ಅದು ಏನೇನು ಮಾಹಿತಿ ಕೇಳುತ್ತದೆಂದು ಅಧ್ಯಾಪಕರ ಸಭೆಯಲ್ಲಿ ಓದಿ ನೋಡುತ್ತೇವೆ. ಒಪ್ಪಿಗೆ ಪತ್ರವನ್ನು ತಿಳಿಯಾದ ಕನ್ನಡದಲ್ಲಿ ಬರೆದಿದ್ದೇವೆ. ‘ಒಪ್ಪುವುದಿಲ್ಲ’ ಎಂದು ಬರೆದ ಹೆತ್ತವರ ಮಗುವಿಗೆ ಯಾವ ಕೊರತೆಯೂ ಆಗದಂತೆ ನೋಡಿಕೊಳ್ಳುತ್ತೇವೆ. ಧ್ವನಿಮುದ್ರಣವನ್ನು ನಾವು ಬಿಟ್ಟಿಲ್ಲ. ಮಗು ತಾಯಿಯ ಫೋನಿನಲ್ಲಿ ಓದಿ, ತಾನೇ ಕೇಳಿ, ಹಿಡಿಸದಿದ್ದರೆ ಅಳಿಸಿ ಮತ್ತೆ ಓದಲಿ ಎನ್ನುತ್ತೇವೆ. ಹಾಗೆ ಬಳಸಿದಾಗ ಫೋನೂ ಸ್ಲೇಟೇ.

ಇದಕ್ಕೆ ಆಕ್ಷೇಪ ಬರಲಿಲ್ಲವೆಂದಲ್ಲ. ಹೆತ್ತವರೊಬ್ಬರು ಸಭೆಯಲ್ಲಿ ಎದ್ದು ಕೇಳಿದರು: “ಮಕ್ಕಳ ಫೋಟೋ ಹಾಕದಿದ್ದರೆ, ಅಂಕ ತೋರಿಸದಿದ್ದರೆ, ಶಾಲೆ ಇದೆಯೆಂದು ಹೊರಗಿನವರಿಗೆ ತಿಳಿಯುವುದು ಹೇಗೆ? ಮಕ್ಕಳು ಬರುವುದು ಹೇಗೆ?” ಈ ಮಾತನ್ನು ನಾವು ಹಗುರವಾಗಿ ಕಾಣಲಾರೆವು. ಜೂನ್ ತಿಂಗಳ ಆರನೆಯ ಕೆಲಸದ ದಿನ ಮಕ್ಕಳ ಎಣಿಕೆ ನಡೆಯುವಾಗ ಕನ್ನಡ ಶಾಲೆಯವರ ಎದೆ ಹೇಗೆ ಬಡಿದುಕೊಳ್ಳುತ್ತದೆಂಬುದನ್ನು ನಾವು ಪ್ರತಿ ವರ್ಷವೂ ಅನುಭವಿಸುತ್ತೇವೆ. ಡಿವಿಷನ್ ಉಳಿಯುವುದೂ ಅಧ್ಯಾಪಕ ಹುದ್ದೆ ಉಳಿಯುವುದೂ ಆ ಎಣಿಕೆಯ ಮೇಲೆ. ನೆರೆಯ ಶಾಲೆಗಳ ಫಲಕಗಳಲ್ಲಿ ಮಕ್ಕಳ ಮುಖಗಳು ನಗುತ್ತಿರುವಾಗ ನಾವು ಸುಮ್ಮನಿರುವುದು ಸುಲಭವಲ್ಲ.

ಆದರೂ ನಮ್ಮ ಉತ್ತರ ಇದು. ಶಾಲೆಯ ಅಳಿವು ಉಳಿವಿನ ಭಾರವನ್ನು ಎಂಟು ವರ್ಷದ ಮಗುವಿನ ಮುಖದ ಮೇಲೆ ಹೊರಿಸಬಾರದು. ಆ ಭಾರ ಹೊರಬಲ್ಲವರು ಬೇರೆ ಇದ್ದಾರೆ, ಅವರು ಇಂದು ಇಲ್ಲಿಯೇ ಕುಳಿತಿದ್ದಾರೆ. ಹಳೆ ವಿದ್ಯಾರ್ಥಿಗಳೇ, ನೀವು ಪ್ರಾಯಕ್ಕೆ ಬಂದವರು, ನಿಮ್ಮ ಒಪ್ಪಿಗೆಯನ್ನು ನೀವೇ ಕೊಡಬಲ್ಲವರು. ಕನ್ನಡ ಮಾಧ್ಯಮದಲ್ಲಿ ಕಲಿತು ನೀವು ಏನಾದಿರೆಂಬುದನ್ನು ನಿಮ್ಮ ಹೆಸರಿನಲ್ಲಿ, ನಿಮ್ಮ ಮುಖದೊಂದಿಗೆ ಹೇಳಿರಿ. ನಮ್ಮ ಫಲಕದಲ್ಲಿ ನೀವು ನಿಲ್ಲಿರಿ. ಹೆತ್ತವರೇ, ನಿಮ್ಮ ಮಗುವಿನ ಅಂಕಪಟ್ಟಿಯನ್ನು ಸ್ಟೇಟಸ್ಸಿಗೆ ಹಾಕುವ ಮುನ್ನ ಮಗುವನ್ನು ಒಮ್ಮೆ ಕೇಳಿರಿ. ಇನ್ನೊಬ್ಬರ ಮಗುವಿನ ದನಿಯೋ ಚಿತ್ರವೋ ನಿಮ್ಮ ಫೋನಿಗೆ ಬಂದರೆ ಅದು ಅಲ್ಲಿಗೇ ನಿಲ್ಲಲಿ. ಸಹೋದ್ಯೋಗಿಗಳೇ, ಒಂದು ಮಗುವಿನ ಬಗ್ಗೆ ಬರೆಯುವಾಗ, ನೂರು ವರ್ಷದ ಬಳಿಕ ಅದರ ಮೊಮ್ಮಗಳು ಓದಿದರೆ ಹೇಗನ್ನಿಸೀತೆಂದು ಒಂದು ಕ್ಷಣ ಯೋಚಿಸೋಣ.

ಆ ಮಗುವಿನ ಮಾತು ಹೇಳಿ ಮುಗಿಸುತ್ತೇವೆ. ತರಗತಿಯ ಟೀಚರು ಊಟದ ಬಿಡುವಿನಲ್ಲಿ ಗ್ರಂಥಾಲಯದ ಮೂಲೆಯಲ್ಲಿ ಮಗುವಿನೊಂದಿಗೆ ದಿನವೂ ಹತ್ತು ನಿಮಿಷ ಕುಳಿತರು. ಫೋನು ದೂರವೇ ಇರುತ್ತಿತ್ತು. ಮೊದಲು ಟೀಚರು ಓದಿದರು, ಬಳಿಕ ಇಬ್ಬರೂ ಕೂಡಿ ಓದಿದರು, ಕೆಲವು ತಿಂಗಳ ಅನಂತರ ಮಗು ಒಂದೇ ಓದಿತು. ಮುಂದಿನ ವರ್ಷ ಬೆಳಗಿನ ಅಸೆಂಬ್ಲಿಯಲ್ಲಿ ಪತ್ರಿಕೆಯ ವಾರ್ತೆ ಓದಲು ತಾನೇ ಕೈಯೆತ್ತಿತು. ಓದುವಾಗ ಒಂದು ಕಡೆ ‘ಹ’ಕಾರ ಮತ್ತೆ ಜಾರಿತು. ಮಗು ನಿಂತಿತು, ತಿದ್ದಿಕೊಂಡಿತು, ಮುಂದೆ ಓದಿತು. ನಾವ್ಯಾರೂ ಅದನ್ನು ಚಿತ್ರೀಕರಿಸಲಿಲ್ಲ.

ಈ ಶಾಲೆ ಇನ್ನೂ ನೂರು ವರ್ಷ ಬಾಳಲಿ, ಅದರ ಅಂಗಳದಲ್ಲಿ ಮಕ್ಕಳು ಭಯವಿಲ್ಲದೆ ತಪ್ಪಲಿ, ತಿದ್ದಿಕೊಳ್ಳಲಿ.