ಹಳೆಯ ಅಚ್ಚು

ಹಳೆಯದನ್ನು ಬಳಸುತ್ತಲೇ ಉಳಿಸಿಕೊಳ್ಳುವುದು ಹೇಗೆ? ಹಳಗನ್ನಡವನ್ನು ಪಾಠ ಹೇಳಿದವನಿಗೆ ಇದು ಹೊಸ ಪ್ರಶ್ನೆಯಲ್ಲ. ಆದರೆ ಕಳೆದ ಬೇಸಗೆಯಲ್ಲಿ ಅಮೆರಿಕದ ಮಿಷಿಗನ್ನಿನಲ್ಲಿರುವ ಮಗನ ಮನೆಗೆ ಹೋದಾಗ, ಆ ಪ್ರಶ್ನೆ ಒಂದು ಪಿಕಪ್ ಟ್ರಕ್ಕಿನ ರೂಪದಲ್ಲಿ ಎದುರು ನಿಂತಿತು.

ಅದು 1956ರ ಫೋರ್ಡ್ ಎಫ್-100. ನನಗಿಂತ ಎರಡು ವರ್ಷ ಹಿರಿದು. ಮಗ ಅದನ್ನು ಬಹು ಪ್ರೀತಿಯಿಂದ ಕೊಂಡಿದ್ದ. ಒಂದು ಸಂಜೆ ನನ್ನನ್ನೂ ಮೊಮ್ಮಗಳನ್ನೂ ಕೂರಿಸಿಕೊಂಡು ಹೊರಟ. ಎಡಗಾಲಿ ಗುಂಡಿಗಿಳಿದದ್ದೇ ತಡ, ಗಾಡಿ ಎದುರು ಬರುವ ವಾಹನಗಳತ್ತ ಸರಿಯಿತು. ಹೇಗೋ ಹಿಡಿತಕ್ಕೆ ತಂದ. ಮನೆ ತಲುಪುವವರೆಗೆ ಯಾರೂ ಮಾತನಾಡಲಿಲ್ಲ.

ಆ ಗಾಡಿಯ ಮುಂದಿನ ಎರಡು ಗಾಲಿಗಳಿಗೂ ಸೇರಿ ಉಕ್ಕಿನ ಒಂದೇ ಅಚ್ಚು. ಅದರ ಮೇಲೆ ನಮ್ಮ ಲಾರಿಗಳಲ್ಲಿರುವಂಥ ಕಮಾನು ಪಟ್ಟಿಗಳು. ಒಂದು ಗಾಲಿ ಕುಸಿದರೆ ಅಚ್ಚೇ ಓರೆಯಾಗಿ ಇನ್ನೊಂದೂ ವಾಲುತ್ತದೆ. ಹೊರೆ ಹೊರಲು ಗಟ್ಟಿ. ಹೆದ್ದಾರಿಯ ವೇಗಕ್ಕೆ ಸಾಲದು.

ಅಲ್ಲಿನ ಹವ್ಯಾಸಿಗಳು ಕಂಡುಕೊಂಡ ಪರಿಹಾರ ಸ್ವಾರಸ್ಯವಾದುದು. ಫೋರ್ಡ್ ಕಂಪನಿಯೇ 1974ರಿಂದ 1978ರವರೆಗಿನ ಮಾದರಿಗಳಲ್ಲಿ ಮಾರಿದ ಮಸ್ಟಾಂಗ್ 2 ಎಂಬ ಪುಟ್ಟ ಕಾರಿನ ಮುಂದಿನ ಗಾಲಿಗಳಿಗೆ ಬೇರೆಬೇರೆ ತೋಳುಗಳೂ ಸುರುಳಿ ಸ್ಪ್ರಿಂಗುಗಳೂ ಇದ್ದವು. ಒಂದರ ಕುಲುಕು ಇನ್ನೊಂದಕ್ಕೆ ಅಷ್ಟಾಗಿ ತಟ್ಟದು. ಆ ಕಾರು ನಿಂತುಹೋದರೂ, ಹಳೆಯ ಟ್ರಕ್ಕುಗಳಿಗೆಂದು ಅದೇ ಮಾದರಿಯ ಜೋಡಣೆ ಇಂದಿಗೂ ತಯಾರಾಗುತ್ತಿದೆ. ಡಿಸ್ಕ್ ಬ್ರೇಕೂ ಜೊತೆಗೆ ಬರುತ್ತದೆ. ಆದರೆ ಅದಕ್ಕಾಗಿ ಷಾಸಿಯ ಹಳೆಯ ಅಡ್ಡಪಟ್ಟಿಯನ್ನು ಕತ್ತರಿಸಿ ಹೊಸದನ್ನು ಬೆಸೆಯಬೇಕು. ಬೆಸುಗೆ ಓರೆಯಾದರೆ ಗಾಡಿ ನೇರ ಓಡದು. ಟೈರು ಒಂದೇ ಬದಿಗೆ ಸವೆಯುತ್ತದೆ. ಹಳೆಯ ಅಚ್ಚನ್ನೇ ಇಟ್ಟುಕೊಂಡು ಸವೆದ ಕಿಂಗ್ ಪಿನ್ನು, ಪಟ್ಟಿಗಳನ್ನು ಬದಲಾಯಿಸುವ ಮಾರ್ಗವೂ ಉಂಟು. ಆದರೆ ಅಚ್ಚಿನ ಸ್ವಭಾವ ಬದಲಾಗದು.

"ಅಪ್ಪ, ಕತ್ತರಿಸಿಬಿಟ್ಟರೆ ಇದನ್ನು ಐವತ್ತಾರರ ಗಾಡಿ ಅನ್ನಬಹುದೇ?" ಎಂದು ಮಗ ಕೇಳಿದ.

ನನಗೆ ನನ್ನದೇ ಒಂದು ತಪ್ಪು ನೆನಪಾಯಿತು. ಯೌವನದಲ್ಲಿ ಒಂದು ಓಲೆಗರಿ ಕಾವ್ಯವನ್ನು ಸಂಪಾದಿಸುವಾಗ, ಅರ್ಥವಾಗದ ಶಬ್ದವೊಂದನ್ನು ತಿದ್ದಿದೆ. ಮೂಲಪಾಠವನ್ನು ಅಡಿಟಿಪ್ಪಣಿಯಲ್ಲಿ ಕೊಡಲಿಲ್ಲ. ವರ್ಷಗಳ ಬಳಿಕ ಅಂಥದೇ ಶಬ್ದ ಒಂದು ಶಾಸನದಲ್ಲಿ ಕಣ್ಣಿಗೆ ಬಿತ್ತು. ಹೋಲಿಸಿ ನೋಡೋಣವೆಂದರೆ ಆ ಗರಿ ಹುಡಿಯಾಗಿತ್ತು. ಸಂಪಾದಕನಾದವನು ತಿದ್ದಬೇಕಾಗುತ್ತದೆ, ಅದು ತಪ್ಪಲ್ಲ. ತಿದ್ದಿದ್ದಕ್ಕೆ ಗುರುತು ಉಳಿಸದೆ ಹೋದದ್ದು ತಪ್ಪು.

"ಮಗು ಕೂರುವ ಗಾಡಿ, ಬದಲಾಯಿಸು. ಕತ್ತರಿಸುವ ಮೊದಲು ಅಳತೆಗಳನ್ನೆಲ್ಲ ಬರೆದಿಡು. ಅಚ್ಚನ್ನು ಗುಜರಿಗೆ ಹಾಕಬೇಡ" ಎಂದೆ.

ನಾನು ಹೊರಡುವ ಮುನ್ನ ಕೆಲಸ ಮುಗಿದಿತ್ತು. ಅದೇ ರಸ್ತೆಯಲ್ಲಿ, ಅದೇ ಗುಂಡಿಯ ಮೇಲೆ ಗಾಡಿ ದಾರಿ ಬಿಡದೆ ಸಾಗಿತು. ಮೊಮ್ಮಗಳು ಏನನ್ನೋ ಗುನುಗುತ್ತಿದ್ದಳು. ಹಳೆಯ ಅಚ್ಚು ಗ್ರೀಸು ಬಳಿಸಿಕೊಂಡು ಗ್ಯಾರೇಜಿನ ಗೋಡೆಗೆ ಒರಗಿತ್ತು. ಅದಕ್ಕೆ ಕಟ್ಟಿದ ಚೀಟಿಯಲ್ಲಿ ಮಗನ ಕೈಬರಹದ ಅಳತೆಗಳಿದ್ದವು. ಹಿಂದಿರುಗಬಯಸುವ ಮುಂದಿನವನಿಗೆ ಅಷ್ಟಾದರೂ ಸಿಗಲಿ.