ರಸ್ತೆ ತಿರುಗಿದ ಮೇಲೆ ಅಂಗಡಿ ಕಥೆ ಏನು?

ಇವತ್ತು ಗೂಗಲ್ ಬಗ್ಗೆ ಮಾತಾಡೋಣ. ನೀವು ಏನಾದರೂ ಹುಡುಕಿದಾಗ ಮೊದಲು ಯಾರು ಕಾಣಬೇಕು, ನಲವತ್ತನೇ ಜಾಗಕ್ಕೆ ಯಾರು ಹೋಗಬೇಕು ಅನ್ನೋ ಲೆಕ್ಕವನ್ನ ಆ ಕಂಪನಿ ಆಗಾಗ ಬದಲಾಯಿಸುತ್ತೆ. ಹಾಗೆ ಬದಲಾದಾಗಲೆಲ್ಲ ಎಲ್ಲೋ ಒಂದಷ್ಟು ಜನರ ಅನ್ನಕ್ಕೆ ಕಲ್ಲು ಬೀಳುತ್ತೆ.

"ಇದು ಐಟಿಯವರ ತಲೆನೋವು, ನಮಗೇನು" ಅಂತ ಚಾನೆಲ್ ಬದಲಾಯಿಸಬೇಡಿ. ಬನ್ನಿ, ಕನಕಪುರಕ್ಕೆ ಹೋಗೋಣ.

ಒಂದು ಉದಾಹರಣೆ ಇಟ್ಕೊಳ್ಳಿ. ಕನಕಪುರದಿಂದ ಸಂಗಮಕ್ಕೆ ಹೋಗೋ ದಾರಿಯಲ್ಲಿ ಒಂದು ಕುಟುಂಬ. ಎರಡು ಎಕರೆ ಹಿಪ್ಪುನೇರಳೆ, ಒಂದಿಷ್ಟು ರಾಗಿ. ತೋಟದಲ್ಲಿ ನಾಲ್ಕು ರೂಮು ಕಟ್ಟಿಸಿ ಹೋಂಸ್ಟೇ ಶುರು ಮಾಡಿದ್ದಾರೆ. ಡಿಗ್ರಿ ಓದಿದ ಮಗಳು ವೆಬ್‌ಸೈಟ್ ಮಾಡಿದಳು. ಚುಂಚಿ ಜಲಪಾತದಲ್ಲಿ ಯಾವ ತಿಂಗಳು ನೀರಿರುತ್ತೆ, ಮೇಕೆದಾಟು ಕಡೆ ಹೋಗೋರು ಎಲ್ಲಿ ಎಚ್ಚರವಾಗಿರಬೇಕು, ಯಾವ ರಸ್ತೆ ಹಾಳಾಗಿದೆ, ಎಲ್ಲವನ್ನೂ ಕಣ್ಣಾರೆ ನೋಡಿ ಬರೆದಳು. ಬೆಂಗಳೂರಿನವರು ಹುಡುಕಿದಾಗ ಆ ಪುಟ ಮೇಲೆ ಬರ್ತಿತ್ತು. ಓದಿದವರಲ್ಲಿ ನಾಲ್ಕು ಜನ ಫೋನ್ ಮಾಡಿ ರೂಮು ಕೇಳ್ತಿದ್ರು. ಒಂದು ಸೋಮವಾರ ಫೋನ್ ನಿಂತುಹೋಯ್ತು. ರೂಮು ಅದೇ, ಮುದ್ದೆ-ಸಾರು ಅದೇ. ಪುಟ ಮಾತ್ರ ಎಲ್ಲೋ ಕೆಳಗೆ ಹೋಗಿದೆ. ಮೇಲೆ ಬಂದು ಕೂತಿರೋರು ದೊಡ್ಡ ದೊಡ್ಡ ಬುಕಿಂಗ್ ಕಂಪನಿಗಳು. ಈಗ ಅದೇ ರೂಮನ್ನ ಅವರ ಮೂಲಕವೇ ಮಾರಬೇಕು, ಕಮಿಷನ್ ಕೊಟ್ಟು.

ಯಾರನ್ನ ಕೇಳೋದು? ಯಾಕೆ ಹೀಗಾಯ್ತು ಅಂತ ಹೇಳೋರು ಯಾರು?

ನಾನು ಎಂಜಿನಿಯರಿಂಗ್ ಓದಿ ಕ್ಯಾಮೆರಾ ಮುಂದೆ ಬಂದು ಕೂತವಳು. ಹಾಗಾಗಿ ಮೊದಲು ಯಂತ್ರದ ಕಡೆಯ ವಾದವನ್ನೂ ಹೇಳಿಬಿಡ್ತೀನಿ. 1998ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿದ್ದ ಲ್ಯಾರಿ ಪೇಜ್ ಮತ್ತು ಸೆರ್ಗೇ ಬ್ರಿನ್ ಒಂದು ಸರಳ ಉಪಾಯ ಮಾಡಿದ್ರು. ಒಂದು ಪುಟಕ್ಕೆ ಬೇರೆ ಪುಟಗಳು ಲಿಂಕ್ ಕೊಟ್ರೆ ಅದು ಓಟು ಹಾಕಿದ ಹಾಗೆ. ಹೆಚ್ಚು ಓಟು ಬಿದ್ದ ಪುಟ ಮೇಲೆ. ಓಟು ಅಂದಮೇಲೆ ಗೊತ್ತಲ್ಲ, ಖರೀದಿಯೂ ಶುರುವಾಯ್ತು. ದುಡ್ಡು ಕೊಟ್ಟು ಲಿಂಕ್ ಹಾಕಿಸಿದ್ರು, ಕದ್ದ ಬರಹ ತುಂಬಿದ್ರು. ಅಂಥವರನ್ನ ಹಿಡಿಯೋಕೆ ಗೂಗಲ್ 2011ರಲ್ಲಿ ಪಾಂಡಾ, 2012ರಲ್ಲಿ ಪೆಂಗ್ವಿನ್ ಅನ್ನೋ ಬದಲಾವಣೆಗಳನ್ನ ತಂತು. 2024ರ ಮಾರ್ಚ್‌ನಲ್ಲಿ ಶುರುವಾದ ಒಂದು ದೊಡ್ಡ ಬದಲಾವಣೆ ಪೂರ್ತಿ ಜಾರಿಯಾಗೋಕೆ 45 ದಿನ ಹಿಡೀತು. ಕೆಲಸಕ್ಕೆ ಬಾರದ ಬರಹ ಹುಡುಕಾಟದಲ್ಲಿ ಶೇ. 45ರಷ್ಟು ಕಡಿಮೆಯಾಯ್ತು ಅಂತ ಕಂಪನಿಯೇ ಹೇಳಿತು.

ಒಪ್ಪೋಣ. ಕಳೆ ಕೀಳಲೇಬೇಕು. ಆದ್ರೆ ರಾಗಿ ಹೊಲದಲ್ಲಿ ಕುಂಟೆ ಹೊಡೆಯೋನಿಗೆ ಗೊತ್ತು, ಕಳೆ ಜೊತೆ ನಾಲ್ಕು ಪೈರೂ ಹೋಗುತ್ತೆ. ಇಲ್ಲಿ ಹಾಗೆ ಹೋದ ಪೈರಿನ ಲೆಕ್ಕ ಇಡೋರು ಯಾರೂ ಇಲ್ಲ.

ಇದೇ ಸೀಮೆಯ ಇನ್ನೊಂದು ಸಂಗತಿ ನೋಡಿ. 2023ರ ಮಾರ್ಚ್ 12ರಂದು ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇ ಉದ್ಘಾಟನೆ ಆಯ್ತು. ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರಿಗೆಲ್ಲ ಬೈಪಾಸ್. ಪ್ರಯಾಣಿಕರಿಗೆ ಅನುಕೂಲ ಆಯ್ತು, ಅದರಲ್ಲಿ ಎರಡು ಮಾತಿಲ್ಲ. ಆದ್ರೆ ಹಳೇ ರಸ್ತೆಯ ಬೊಂಬೆ ಅಂಗಡಿಯವರು, ತಟ್ಟೆ ಇಡ್ಲಿ ಹೋಟೆಲಿನವರು ಗಿರಾಕಿ ಇಲ್ಲದೆ ಕೂತ್ರು. ಬೊಂಬೆ ಬಣ್ಣ ಮಾಸಿರಲಿಲ್ಲ, ಇಡ್ಲಿ ರುಚಿ ಕೆಟ್ಟಿರಲಿಲ್ಲ. ರಸ್ತೆ ತಿರುಗಿತ್ತು ಅಷ್ಟೇ.

ವೆಬ್‌ಸೈಟಿನವರ ಪಾಡೂ ಇದೇ. ಒಂದೇ ವ್ಯತ್ಯಾಸ. ಹೆದ್ದಾರಿ ತಿರುಗೋಕೆ ಮೊದಲು ಅಧಿಸೂಚನೆ ಬರುತ್ತೆ, ನಕ್ಷೆ ಬರುತ್ತೆ, ಜಮೀನು ಹೋಗೋರ ಆಕ್ಷೇಪಣೆ ಕೇಳ್ತಾರೆ. ಪರಿಹಾರ ಸಾಲದೇ ಹೋಗಬಹುದು, ಆದ್ರೆ ಹೋಗಿ ನಿಲ್ಲೋಕೆ ಒಂದು ಕಚೇರಿ ಇದೆ. ಗೂಗಲ್‌ನಲ್ಲಿ? ನಿಯಮ ಮೀರಿದ್ದೀರಿ ಅಂತ ಅವರ ಸಿಬ್ಬಂದಿಯೇ ಕ್ರಮ ಕೈಗೊಂಡಿದ್ರೆ ನೋಟಿಸ್ ಬರುತ್ತೆ, ಮರುಪರಿಶೀಲನೆಗೆ ಅರ್ಜಿ ಹಾಕಬಹುದು. ಲೆಕ್ಕ ಬದಲಾಗಿ ಕೆಳಗೆ ಬಿದ್ದಿದ್ರೆ ಅರ್ಜಿಯೂ ಇಲ್ಲ. ಅಂದ್ರೆ ತಪ್ಪು ಮಾಡಿ ಸಿಕ್ಕಿಬಿದ್ದವನಿಗೆ ಒಂದು ಬಾಗಿಲಿದೆ. ತಪ್ಪೇ ಮಾಡದವನಿಗೆ ಅದೂ ಇಲ್ಲ!

"ಪುಕ್ಕಟೆ ಕೊಟ್ಟಿದ್ದು, ಅವರಿಷ್ಟ" ಅನ್ನಬಹುದು ನೀವು. ಅರ್ಧ ನಿಜ. ಮೊದಲ ಸ್ಥಾನ ಯಾರ ಹಕ್ಕೂ ಅಲ್ಲ. ಆದ್ರೆ ಊರಿಗೆಲ್ಲ ಇರೋದು ಒಂದೇ ದಾರಿ ಅಂದ್ಮೇಲೆ ಆ ದಾರಿಯ ಯಜಮಾನನಿಗೆ ಬೇರೆ ಹೊಣೆ ಇರುತ್ತೆ. 2024ರ ಆಗಸ್ಟ್‌ನಲ್ಲಿ ಅಮೆರಿಕದ ನ್ಯಾಯಾಧೀಶ ಅಮಿತ್ ಮೆಹ್ತಾ ಅವರು, ಹುಡುಕಾಟದ ಮಾರುಕಟ್ಟೆಯಲ್ಲಿ ಗೂಗಲ್ ತನ್ನ ಏಕಸ್ವಾಮ್ಯ ಉಳಿಸಿಕೊಳ್ಳೋಕೆ ಕಾನೂನು ಮೀರಿದೆ ಅಂತ ತೀರ್ಪು ಕೊಟ್ಟರು. ನಮ್ಮ ಸ್ಪರ್ಧಾ ಆಯೋಗ 2018ರ ಫೆಬ್ರವರಿಯಲ್ಲೇ ಹುಡುಕಾಟದ ಫಲಿತಾಂಶದಲ್ಲಿ ಪಕ್ಷಪಾತ ಮಾಡಿದ್ದಕ್ಕೆ 135.86 ಕೋಟಿ ರೂಪಾಯಿ ದಂಡ ಹಾಕಿತ್ತು. ವಿಮಾನ ಟಿಕೆಟ್ ಹುಡುಕಿದ್ರೆ ತನ್ನದೇ ಪೆಟ್ಟಿಗೆಯನ್ನ ಕಣ್ಣಿಗೆ ಬೀಳೋ ಜಾಗದಲ್ಲಿಟ್ಟಿದೆ ಅನ್ನೋದು ಅದರಲ್ಲಿ ಒಂದು ಆರೋಪ. ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ. ಗೂಗಲ್ ಮೇಲ್ಮನವಿಗೆ ಹೋಯಿತು.

ನ್ಯಾಯ ಎಷ್ಟು ನಿಧಾನ ಅನ್ನೋದಕ್ಕೆ ಬ್ರಿಟನ್ನಿನ ಕಥೆ ಕೇಳಿ. ಆಡಮ್ ರಾಫ್, ಶಿವಾನ್ ರಾಫ್ ದಂಪತಿ 2006ರಲ್ಲಿ ಫೌಂಡೆಮ್ ಅನ್ನೋ ಬೆಲೆ ಹೋಲಿಸೋ ವೆಬ್‌ಸೈಟ್ ತೆರೆದ್ರು. ತೆರೆದ ಕೆಲವೇ ದಿನಕ್ಕೆ ಗೂಗಲ್ ಹುಡುಕಾಟದಲ್ಲಿ ಅದು ಪಾತಾಳಕ್ಕೆ ಬಿತ್ತು. ದೂರು ಕೊಟ್ರು. 2017ರಲ್ಲಿ ಯುರೋಪಿಯನ್ ಆಯೋಗ ಗೂಗಲ್‌ಗೆ 242 ಕೋಟಿ ಯೂರೋ ದಂಡ ಹಾಕಿತು. ಅಲ್ಲಿನ ಅತ್ಯುನ್ನತ ನ್ಯಾಯಾಲಯ ಅದನ್ನ ಎತ್ತಿಹಿಡಿದಿದ್ದು 2024ರ ಸೆಪ್ಟೆಂಬರ್‌ನಲ್ಲಿ. ಆ ಹೊತ್ತಿಗೆ ಅಂಗಡಿ ಬಾಗಿಲು ಹಾಕಿ ಎಂಟು ವರ್ಷ ಆಗಿತ್ತು.

ಹಾಗಾದ್ರೆ ಗೂಗಲ್ ಬೇಗ ಸರಿ ಮಾಡೋದೇ ಇಲ್ವಾ? ಮಾಡುತ್ತೆ. 2021ರ ಜೂನ್ 3 ನೆನಪಿದೆಯಾ? ಭಾರತದ ಅತಿ ಕೊಳಕು ಭಾಷೆ ಯಾವುದು ಅಂತ ಕೇಳಿದ್ರೆ ಕನ್ನಡ ಅಂತ ತೋರಿಸ್ತಿತ್ತು. ಯಾವುದೋ ಸಾಲದ ಸಲಹೆಯ ಹೆಸರಿಟ್ಟುಕೊಂಡ ವೆಬ್‌ಸೈಟಿನ ಒಂದು ಸಾಲನ್ನ ಎತ್ತಿ ಯಂತ್ರ ನೆತ್ತಿ ಮೇಲೆ ಕೂರಿಸಿತ್ತು. ನಾಡೆಲ್ಲ ಸಿಡಿದೆದ್ದಿತು. ಆಗಿನ ಕನ್ನಡ ಮತ್ತು ಸಂಸ್ಕೃತಿ ಸಚಿವ ಅರವಿಂದ ಲಿಂಬಾವಳಿ ಅವರು ಕಾನೂನು ನೋಟಿಸ್ ಕೊಡ್ತೀವಿ ಅಂದ್ರು. ಅವತ್ತೇ ಆ ಉತ್ತರ ಹೋಯ್ತು, ಕಂಪನಿ ಕ್ಷಮೆ ಕೇಳಿತು. ಕೋಟ್ಯಂತರ ಜನ ಒಟ್ಟಿಗೆ ಕೂಗಿದ್ರೆ ಒಂದೇ ದಿನದಲ್ಲಿ ಆಗುತ್ತೆ. ಸಂಗಮದ ದಾರಿಯ ನಾಲ್ಕು ರೂಮಿನ ಹೋಂಸ್ಟೇ ಒಬ್ಬಂಟಿಯಾಗಿ ಕೂಗಿದ್ರೆ ಯಾರಿಗೆ ಕೇಳುತ್ತೆ?

ಈಗ ಇನ್ನೊಂದು ತಿರುವು ಬಂದಿದೆ. 2024ರ ಆಗಸ್ಟ್‌ನಿಂದ ಭಾರತದಲ್ಲೂ ಗೂಗಲ್ ತಾನೇ ಕೃತಕ ಬುದ್ಧಿಮತ್ತೆಯಿಂದ ಉತ್ತರ ಬರೆದು ಮೇಲಿಡ್ತಿದೆ. ಚುಂಚಿಯಲ್ಲಿ ನೀರಿದೆಯಾ ಅಂದ್ರೆ ಅಲ್ಲೇ ಉತ್ತರ. ಆ ಉತ್ತರಕ್ಕೆ ಬೇಕಾದ ಮಾಹಿತಿ ಎಲ್ಲಿಂದ? ಹೋಗಿ ನೋಡಿ ಬರೆದವರ ಪುಟದಿಂದ. ಪಕ್ಕದಲ್ಲಿ ಲಿಂಕ್ ಇರುತ್ತೆ ನಿಜ, ಉತ್ತರ ಸಿಕ್ಕ ಮೇಲೆ ಒತ್ತೋರು ಎಷ್ಟು ಜನ? ಬರೆಯೋರು ಸೋತು ಬಿಟ್ಟುಬಿಟ್ರೆ ನಾಳೆ ಯಂತ್ರ ಯಾರನ್ನ ನೋಡಿ ಉತ್ತರ ಬರೆಯುತ್ತೆ?

ಒಂದು ಮಾತು ಮುಚ್ಚಿಡೋದು ಬೇಡ. ನಮ್ಮ ಚಾನೆಲ್ಲಿಗೂ ವೆಬ್‌ಸೈಟ್ ಇದೆ, ಈ ಲೆಕ್ಕ ನಮಗೂ ತಾಗುತ್ತೆ. ಅದನ್ನ ಮನಸ್ಸಲ್ಲಿಟ್ಟುಕೊಂಡೇ ನನ್ನ ಮಾತು ತೂಗಿ ನೋಡಿ.

ಸರ್ಕಾರಕ್ಕೆ ನನ್ನ ಬೇಡಿಕೆ ಸಣ್ಣದು. ಲೆಕ್ಕದ ಗುಟ್ಟು ಬಿಚ್ಚಿ ಅಂತ ನಾನು ಕೇಳ್ತಿಲ್ಲ, ಬಿಚ್ಚಿದ್ರೆ ಕಳ್ಳರಿಗೇ ಲಾಭ. ಆದ್ರೆ ಯಾವ ಮುಖ್ಯ ಅಂಶಗಳ ಮೇಲೆ ಸ್ಥಾನ ಕೊಡ್ತೀರಿ ಅಂತ ತಿಳಿಸಲೇಬೇಕು ಅನ್ನೋ ನಿಯಮ ಯುರೋಪಿನಲ್ಲಿ 2020ರ ಜುಲೈನಿಂದ ಜಾರಿಯಲ್ಲಿದೆ. ನಮ್ಮಲ್ಲಿ ಡಿಜಿಟಲ್ ಸ್ಪರ್ಧಾ ಮಸೂದೆಯ ಕರಡು 2024ರ ಮಾರ್ಚ್‌ನಲ್ಲಿ ಹೊರಬಂತು, ಕರಡಾಗಿಯೇ ಉಳಿದಿದೆ. ಕೆಳಗೆ ಬಿದ್ದ ಸಣ್ಣ ವ್ಯಾಪಾರಿಗೆ ಒಂದು ಕಾರಣ, ಒಂದು ಮೇಲ್ಮನವಿ, ಅದನ್ನ ಓದೋ ಒಬ್ಬ ಮನುಷ್ಯ. ಇಷ್ಟು ಕೇಳೋದು ಹೆಚ್ಚಾಯ್ತಾ?

ವೆಬ್‌ಸೈಟ್ ಇಟ್ಟಿರೋ ಅಣ್ಣತಮ್ಮಂದಿರಿಗೆ, ಅಕ್ಕತಂಗಿಯರಿಗೆ: ಒಂದು ಸಲ ಬಂದ ಗಿರಾಕಿಯ ನಂಬರ್ ಕೇಳಿ ಬರೆದಿಟ್ಟುಕೊಳ್ಳಿ, ಹಬ್ಬಕ್ಕೊಂದು ಮೆಸೇಜ್ ಹಾಕಿ. ಆ ಪಟ್ಟಿಯನ್ನ ಯಾವ ಕಂಪನಿಯೂ ಮೇಲೆ ಕೆಳಗೆ ಮಾಡೋಕಾಗಲ್ಲ.

ಇನ್ನು ನೀವು, ವೀಕ್ಷಕರು. ಮುಂದಿನ ಸಲ ಹುಡುಕುವಾಗ ಬೆರಳನ್ನ ಸ್ವಲ್ಪ ಕೆಳಗೂ ಜಾರಿಸಿ. ಎರಡನೇ ಪುಟಕ್ಕೂ ಹೋಗಿ ಬನ್ನಿ. ರೂಮು ಇಷ್ಟ ಆದ್ರೆ ಬುಕಿಂಗ್ ಕಂಪನಿಗೆ ಮೊದಲು ಮಾಲೀಕರಿಗೇ ಒಂದು ಫೋನ್ ಹಚ್ಚಿ.