ಮತ್ತೆ ಮತ್ತೆ ಯಾಕೆ ಈ ಎರಡು ಹನಿ?

(ಸಂಘದ ವಾರ್ಷಿಕ ಸಮಾರಂಭದಲ್ಲಿ ಮಾಡಿದ ಉಪನ್ಯಾಸದ ಬರಹರೂಪ)



ವಿಜ್ಞಾನದ ವಿಷಯವೊಂದನ್ನು ಸರಳವಾಗಿ ಹೇಳಬೇಕೆಂದು ಸಂಘದವರು ಕೇಳಿಕೊಂಡಾಗ ನನಗೆ ನೆನಪಾದದ್ದು ಒಬ್ಬ ತಾಯಿಯ ಪ್ರಶ್ನೆ. ಪಲ್ಸ್ ಪೋಲಿಯೊ ಭಾನುವಾರದಂದು ನಮ್ಮ ಬೀದಿಯ ಬೂತಿನಲ್ಲಿ ಕುಳಿತಿದ್ದೆ. ಮಗುವನ್ನು ಎತ್ತಿಕೊಂಡು ಬಂದ ಆಕೆ, "ಕಳೆದ ಸಲವೂ ಹಾಕಿಸಿದ್ದೆವು, ಅದಕ್ಕೆ ಮೊದಲೂ ಹಾಕಿಸಿದ್ದೆವು. ಮತ್ತೆ ಯಾಕೆ ಸರ್?" ಎಂದರು. "ಸರ್ಕಾರ ಹೇಳಿದೆ, ಹಾಕಿಸಿಬಿಡಿ" ಎಂದೆ. ಮಗುವಿನ ಬಾಯಿಗೆ ಹನಿ ಬಿತ್ತು. ಆದರೆ ತಾಯಿಗೆ ಉತ್ತರ ಸಿಗಲಿಲ್ಲ. ಜೀವಶಾಸ್ತ್ರ ಕಲಿಸುವವನಾಗಿ ಅಂದು ನಾನು ಕೊಡಬೇಕಿದ್ದ ಉತ್ತರವನ್ನು ಇಂದು ನಿಮ್ಮ ಮುಂದೆ ಇಡುತ್ತಿದ್ದೇನೆ.

ಮೊದಲು ನಮ್ಮ ಜೀವಕೋಶದ ಒಳಗೆ ಹೋಗೋಣ. ಅದನ್ನು ಒಂದು ಕಚೇರಿ ಎಂದು ತಿಳಿಯಿರಿ. ಕೋಶಕೇಂದ್ರದಲ್ಲಿ ಡಿ.ಎನ್.ಎ. ಎಂಬ ಮೂಲ ದಾಖಲೆ ಪುಸ್ತಕವಿದೆ. ಅದನ್ನು ಯಾರೂ ಹೊರಗೆ ತರುವುದಿಲ್ಲ. ಬೇಕಾದ ಭಾಗವನ್ನು ಮಾತ್ರ ಒಂದು ಚೀಟಿಯಲ್ಲಿ ಬರೆದು ಕಳುಹಿಸಲಾಗುತ್ತದೆ. ಈ ಚೀಟಿಯೇ ಆರ್.ಎನ್.ಎ. ರೈಬೋಸೋಮ್ ಎಂಬ ಕೆಲಸಗಾರ ಚೀಟಿಯನ್ನು ಓದಿ, ಅದರಲ್ಲಿ ಹೇಳಿದ ಪ್ರೋಟೀನನ್ನು ತಯಾರಿಸುತ್ತದೆ. ಚೀಟಿ ಯಾರು ಬರೆದದ್ದು ಎಂದು ಅದು ವಿಚಾರಿಸುವುದಿಲ್ಲ. ಪೋಲಿಯೊ ವೈರಸ್ಸಿಗೆ ದಾರಿ ಸಿಗುವುದು ಇಲ್ಲಿಯೇ.

ಪೋಲಿಯೊ ವೈರಸ್ ಎಂದರೆ ಪ್ರೋಟೀನಿನ ಚಿಕ್ಕ ಡಬ್ಬಿಯೊಳಗೆ ಮಡಚಿಟ್ಟ ಒಂದೇ ಒಂದು ಚೀಟಿ. ಅದರಲ್ಲಿ ಸುಮಾರು 7,500 ಅಕ್ಷರಗಳಿವೆ. ಡಬ್ಬಿ ಜೀವಕೋಶಕ್ಕೆ ಅಂಟಿಕೊಂಡು ಚೀಟಿಯನ್ನು ಒಳಗೆ ಬಿಡುತ್ತದೆ. ರೈಬೋಸೋಮ್ ಅದನ್ನು ಓದಿ ಒಂದು ಉದ್ದನೆಯ ಪ್ರೋಟೀನನ್ನು ಹೆಣೆಯುತ್ತದೆ. ಆ ಪ್ರೋಟೀನಿನಲ್ಲಿಯೇ ಇರುವ ಕತ್ತರಿಯಂಥ ಕಿಣ್ವಗಳು ಅದನ್ನು ಬೇರೆ ಬೇರೆ ತುಂಡುಗಳಾಗಿ ಕತ್ತರಿಸುತ್ತವೆ. ಅವೇ ಕಿಣ್ವಗಳಲ್ಲಿ ಒಂದು, ಜೀವಕೋಶದ ಸ್ವಂತ ಚೀಟಿಗಳನ್ನು ರೈಬೋಸೋಮ್ ಓದದಂತೆ ತಡೆಯುತ್ತದೆ. ಅಲ್ಲಿಂದ ಮುಂದೆ ಕಚೇರಿಯಲ್ಲಿ ನಡೆಯುವುದು ವೈರಸ್ಸಿನ ಕೆಲಸವೇ.

ಆದರೆ ವೈರಸ್ಸಿಗೆ ಒಂದು ತೊಡಕಿದೆ. ನಮ್ಮ ಜೀವಕೋಶ ಪುಸ್ತಕ ನೋಡಿ ಚೀಟಿ ಬರೆಯಬಲ್ಲದು; ಚೀಟಿ ನೋಡಿ ಇಂಥ ಚೀಟಿಯನ್ನು ನಕಲು ಮಾಡುವ ಯಂತ್ರ ಅದರಲ್ಲಿಲ್ಲ. ಆದ್ದರಿಂದ ಆ ಯಂತ್ರವನ್ನು ಕಟ್ಟುವ ವಿಧಾನವೂ ವೈರಸ್ಸಿನ ಚೀಟಿಯಲ್ಲೇ ಬರೆದಿರುತ್ತದೆ. ಆರ್.ಎನ್.ಎ. ಪಾಲಿಮರೇಸ್ ಎಂಬ ಈ ಕಿಣ್ವ ಎರಡು ಹಂತಗಳಲ್ಲಿ ಕೆಲಸ ಮಾಡುತ್ತದೆ. ರಬ್ಬರ್ ಸ್ಟ್ಯಾಂಪನ್ನು ನೋಡಿದ್ದೀರಲ್ಲ? ಅದರಲ್ಲಿ ಅಕ್ಷರಗಳು ತಿರುವುಮುರುವಾಗಿರುತ್ತವೆ, ಕಾಗದದ ಮೇಲೆ ಒತ್ತಿದಾಗ ನೇರವಾಗಿ ಮೂಡುತ್ತವೆ. ಹಾಗೆಯೇ ಪಾಲಿಮರೇಸ್ ಮೊದಲು ಮೂಲ ಚೀಟಿಗೆ ಎದುರಾದ ಎಳೆಯೊಂದನ್ನು ತಯಾರಿಸುತ್ತದೆ. ಎ ಇದ್ದಲ್ಲಿ ಯು, ಜಿ ಇದ್ದಲ್ಲಿ ಸಿ. ಇದು ಸ್ಟ್ಯಾಂಪು. ನಂತರ ಅದನ್ನು ನೋಡಿಕೊಂಡು ಮೂಲದಂಥ ಚೀಟಿಗಳನ್ನು ಒಂದರ ಹಿಂದೆ ಒಂದು ಹೊರತರುತ್ತದೆ. ಸುಮಾರು ಎಂಟು ಗಂಟೆಗಳಲ್ಲಿ ಒಂದೇ ಜೀವಕೋಶದಿಂದ ಸಾವಿರಾರು ಹೊಸ ವೈರಸ್‌ಗಳು ಹೊರಬೀಳುತ್ತವೆ. ಜೀವಕೋಶ ಸಾಯುತ್ತದೆ.

ಇಲ್ಲಿ ಇನ್ನೊಂದು ಸಂಗತಿಯನ್ನು ಗಮನಿಸಬೇಕು. ನಮ್ಮ ವಾರ್ಷಿಕ ಸಂಚಿಕೆ ಅಚ್ಚಾಗುವ ಮೊದಲು ಕರಡು ತಿದ್ದುವವರು ಇದ್ದಾರೆ. ನಮ್ಮ ಡಿ.ಎನ್.ಎ. ನಕಲಾಗುವಾಗಲೂ ತಪ್ಪು ತಿದ್ದುವ ವ್ಯವಸ್ಥೆಯಿದೆ. ಪೋಲಿಯೊ ವೈರಸ್ಸಿನ ಪಾಲಿಮರೇಸಿಗೆ ಅದು ಇಲ್ಲ. ಸುಮಾರು ಹತ್ತು ಸಾವಿರ ಅಕ್ಷರಗಳಿಗೆ ಒಂದರಂತೆ ಅದು ತಪ್ಪು ಮಾಡುತ್ತದೆ. ಎಂದರೆ ಹೆಚ್ಚುಕಡಿಮೆ ಪ್ರತಿಯೊಂದು ನಕಲಿನಲ್ಲೂ ಒಂದು ತಪ್ಪು. ಅನೇಕ ತಪ್ಪುಗಳಿಂದ ವೈರಸ್ಸೇ ಕೆಡುತ್ತದೆ. ಕೆಲವು ತಪ್ಪುಗಳು ಅದಕ್ಕೆ ಲಾಭ ತರುತ್ತವೆ. ಕೊರೊನಾ ವೈರಸ್ಸಿಗೆ ತಪ್ಪು ತಿದ್ದುವ ಕಿಣ್ವವೊಂದಿದೆ. ಆದರೂ 2020ರ ನಂತರ ಅದು ಎಷ್ಟು ಸಲ ರೂಪ ಬದಲಿಸಿತೆಂಬುದನ್ನು ನಾವೆಲ್ಲ ಕಂಡಿದ್ದೇವೆ.

ಈಗ ಆ ತಾಯಿಯ ಪ್ರಶ್ನೆಗೆ ಬರೋಣ. ಹನಿಯಲ್ಲಿರುವುದು ದುರ್ಬಲಗೊಳಿಸಿದ ಪೋಲಿಯೊ ವೈರಸ್. ಮಗುವಿನ ಕರುಳಿನಲ್ಲಿ ಅದೂ ಇದೇ ರೀತಿ ನಕಲಾಗಬೇಕು. ಆಗ ದೇಹ ಅದನ್ನು ಗುರುತಿಸಿ ರೋಗನಿರೋಧಕ ಶಕ್ತಿಯನ್ನು ಬೆಳೆಸಿಕೊಳ್ಳುತ್ತದೆ. ಮಗುವಿಗೆ ಭೇದಿಯಿದ್ದರೆ, ಕರುಳಿನಲ್ಲಿ ಬೇರೆ ವೈರಸ್‌ಗಳಿದ್ದರೆ, ಹನಿಯ ವೈರಸ್ಸಿಗೆ ನೆಲೆ ಸಿಗದೆ ಹೋಗಬಹುದು. ಯಾವ ಮಗುವಿನಲ್ಲಿ ಅದು ನೆಲೆಯೂರಿತು, ಯಾವ ಮಗುವಿನಲ್ಲಿ ಇಲ್ಲ ಎಂದು ಹೊರಗಿನಿಂದ ನೋಡಿ ಹೇಳಲಾಗದು. ಆದ್ದರಿಂದ ಮತ್ತೆ ಮತ್ತೆ ಹನಿ.

"ನಮ್ಮ ಬೀದಿಯಲ್ಲಿ ಯಾರಿಗೂ ಪೋಲಿಯೊ ಇಲ್ಲವಲ್ಲ" ಎನ್ನುವವರೂ ಇದ್ದಾರೆ. ಸೋಂಕು ತಗುಲಿದ ಸುಮಾರು 200 ಜನರಲ್ಲಿ ಒಬ್ಬರಿಗೆ ಮಾತ್ರ ಕೈಕಾಲು ಸೋಲುತ್ತದೆ. ಉಳಿದವರ ಕರುಳಿನಲ್ಲಿ ವೈರಸ್ ಸದ್ದಿಲ್ಲದೆ ನಕಲಾಗಿ, ಮಲದ ಮೂಲಕ ನೀರಿಗೆ, ಇನ್ನೊಂದು ಮಗುವಿನ ಬಾಯಿಗೆ ಸೇರುತ್ತದೆ. ನಾವು ಕಾಣುವುದು ಒಂದು ಊರುಗೋಲು. ಅದರ ಹಿಂದಿರುವ ಸೋಂಕುಗಳನ್ನು ನಾವು ಕಾಣುವುದಿಲ್ಲ.

ಒಂದು ಸತ್ಯವನ್ನು ಮುಚ್ಚಿಡಬಾರದು. ಹನಿಯಲ್ಲಿರುವ ದುರ್ಬಲ ವೈರಸ್ಸೂ ನಕಲಾಗುವಾಗ ತಪ್ಪು ಮಾಡುತ್ತದೆ. ಎಲ್ಲ ಮಕ್ಕಳಿಗೂ ಲಸಿಕೆಯಾಗಿರುವ ಊರಿನಲ್ಲಿ ಅದರ ಸರಪಳಿ ಬೇಗ ಕಡಿಯುತ್ತದೆ. ಲಸಿಕೆಯಾಗದ ಮಕ್ಕಳು ತುಂಬಿದ ಕಡೆ ಅದು ತಿಂಗಳುಗಟ್ಟಲೆ ಹರಡಿ, ಅಕ್ಷರಗಳು ಬದಲಾಗಿ ಮತ್ತೆ ಬಲ ಪಡೆಯಬಹುದು. 2024ರ ಆಗಸ್ಟ್‌ನಲ್ಲಿ ಯುದ್ಧಪೀಡಿತ ಗಾಜಾದಲ್ಲಿ ಹತ್ತು ತಿಂಗಳ ಮಗುವೊಂದು ಪಾರ್ಶ್ವವಾಯುವಿಗೆ ಒಳಗಾದದ್ದು ಇಂಥ ವೈರಸ್ಸಿನಿಂದಲೇ. 25 ವರ್ಷಗಳಿಂದ ಅಲ್ಲಿ ಪೋಲಿಯೊ ಕಂಡಿರಲಿಲ್ಲ. ಲಸಿಕೆ ಹಾಕುವ ವ್ಯವಸ್ಥೆ ಮುರಿದಾಗ ಅದು ಮರಳಿತು. ಇದರ ಪಾಠ ಹನಿಯನ್ನು ಬಿಡಬೇಕೆಂಬುದಲ್ಲ. ಒಂದು ಮಗುವನ್ನೂ ಬಿಡಬಾರದೆಂಬುದು.

ನಮ್ಮ ದೇಶದ ಅನುಭವವೂ ಇದನ್ನೇ ಹೇಳುತ್ತದೆ. 2002ರಲ್ಲಿ ಭಾರತದಲ್ಲಿ ಸುಮಾರು 1,600 ಮಕ್ಕಳಿಗೆ ಪೋಲಿಯೊ ತಗುಲಿತು. ಹೆಚ್ಚಿನವು ಉತ್ತರ ಪ್ರದೇಶದಲ್ಲಿ. ಹನಿ ಹಾಕಿಸಿದರೆ ಮುಂದೆ ಮಕ್ಕಳಾಗುವುದಿಲ್ಲ ಎಂಬ ವದಂತಿಗೆ ಹೆದರಿ ಅಲ್ಲಿ ನಮ್ಮ ಸಮುದಾಯದ ಎಷ್ಟೋ ಮನೆಗಳು ಬಾಗಿಲು ಹಾಕಿಕೊಂಡವು. ಆ ಬಾಗಿಲುಗಳನ್ನು ತೆರೆಸಲು ಅಲಿಘರ್ ಮುಸ್ಲಿಂ ವಿಶ್ವವಿದ್ಯಾಲಯ, ಜಾಮಿಯಾ ಮಿಲ್ಲಿಯಾ ಇಸ್ಲಾಮಿಯಾ, ಜಾಮಿಯಾ ಹಮ್‌ದರ್ದ್ ಸಂಸ್ಥೆಗಳು ಕೈಜೋಡಿಸಿದವು. ಮಸೀದಿಗಳಿಂದ ಇಮಾಮರು ಕರೆ ಕೊಟ್ಟರು. 2009ರಲ್ಲಿ 741 ಪ್ರಕರಣಗಳಿದ್ದವು, 2010ರಲ್ಲಿ 42, 2011ರಲ್ಲಿ ಒಂದೇ ಒಂದು. ಆ ವರ್ಷದ ಜನವರಿ 13ರಂದು ಪಶ್ಚಿಮ ಬಂಗಾಳದ ಹೌರಾ ಜಿಲ್ಲೆಯಲ್ಲಿ ಕಂಡದ್ದೇ ಕೊನೆಯದು. 2014ರ ಮಾರ್ಚ್ 27ರಂದು ಭಾರತ ಪೋಲಿಯೊಮುಕ್ತವೆಂದು ಘೋಷಣೆಯಾಯಿತು.

ವಿದ್ಯಾರ್ಥಿಗಳೇ, ಪರೀಕ್ಷೆಯಲ್ಲಿ ಆರ್.ಎನ್.ಎ. ಪಾಲಿಮರೇಸ್ ಬಗ್ಗೆ ಬರೆದು ಅಂಕ ಗಳಿಸಿ. ಆದರೆ ಅಲ್ಲಿಗೆ ನಿಲ್ಲಿಸಬೇಡಿ. ಮುಂದಿನ ಪೋಲಿಯೊ ಭಾನುವಾರ ನಿಮ್ಮ ಓಣಿಯ ತಾಯಿಯೊಬ್ಬರು "ಮತ್ತೆ ಯಾಕೆ?" ಎಂದು ಕೇಳಿದರೆ, ನನ್ನ ಹಾಗೆ ಉತ್ತರ ತಪ್ಪಿಸಬೇಡಿ. ಅವರ ಮಾತಿನಲ್ಲೇ, ತಾಳ್ಮೆಯಿಂದ ವಿವರಿಸಿ. ಕಲಿತವರು ಸುಮ್ಮನಿದ್ದ ಕಡೆ ವದಂತಿ ಮಾತಾಡುತ್ತದೆ.